ಅಗಸಗಿತ್ತಿಯರ ಪುಸ್ತಕ

ಮನೆ, ಊಟದ ಮೇಜು
ಶನಿವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಕೋಳಿಕಾಲಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ನಿಂತಿತೇ? ಹೋದ ಕಾಗದದಲ್ಲಿ ನೀನು "ಸ್ವಲ್ಪ ಕೆಮ್ಮು" ಎಂದು ಬರೆದಿದ್ದೆ. ನಿನ್ನ ಸ್ವಲ್ಪ ಎಷ್ಟೆಂದು ನನಗೆ ಗೊತ್ತಿಲ್ಲವೇ? ಎಂಟು ವರ್ಷದವಳಿದ್ದಾಗ "ಸ್ವಲ್ಪ ಬಿದ್ದೆ" ಎನ್ನುತ್ತ ಬಂದವಳ ಕೈ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು ಒಂದು ದಿನವಾದರೂ ಡಾಕ್ಟರ ಮುಂದೆ ನಿನ್ನ ಸ್ವಂತ ಕೆಮ್ಮು ಕೆಮ್ಮಿ ತೋರಿಸಬಾರದೇ? ರೋಗಿಯ ಮಾತನ್ನು ಡಾಕ್ಟರಿಗೆ ಹೇಳಿ, ಡಾಕ್ಟರ ಮಾತನ್ನು ರೋಗಿಗೆ ಹೇಳಿ, ಎರಡು ಭಾಷೆಗಳ ನಡುವೆ ನಿಂತು ದಿನವಿಡೀ ಗಂಟಲು ಹರಿದುಕೊಳ್ಳುತ್ತೀಯ. ನಿನ್ನ ಮಾತು ಆಡುವುದಕ್ಕೆ ಮಾತ್ರ ನಿನಗೆ ಪುರುಸೊತ್ತಿಲ್ಲ. ಬಿಸಿನೀರು ಕುಡಿ. ಕುತ್ತಿಗೆಗೆ ಏನಾದರೂ ಸುತ್ತಿಕೋ. ಅಳಿಯನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಎಂದರೆ ಕೇಳುವ ಪೈಕಿಯಲ್ಲ ಅವನು, ಆದರೂ ನಾನು ಹೇಳಿದೆ ಎಂದು ಹೇಳು. ಅತ್ತೆ ಹೇಳಿದ್ದು ಎಂದು ಒಂದು ಕಿವಿಯಲ್ಲಾದರೂ ಹಾಕಿಕೊಳ್ಳಲಿ, ಇನ್ನೊಂದರಲ್ಲಿ ಬಿಟ್ಟರೂ ಚಿಂತೆಯಿಲ್ಲ.

ನನ್ನದು ಇದ್ದದ್ದೇ. ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಮಂಡಿ ಹೀಗಾದರೆ ಬಲಗೈ ಹೆಬ್ಬೆರಳು ಇನ್ನೊಂದು ರಾಗ ಹಾಡುತ್ತಿದೆ. ಅದರ ಕಾರಣ ಆಮೇಲೆ ಹೇಳುತ್ತೇನೆ. ಅಪ್ಪನ ವಿಷಯ ನೀನು ಕೇಳುವುದಿಲ್ಲ. ಒಂಬತ್ತು ವರ್ಷದಿಂದ ನಿನ್ನ ಯಾವ ಕಾಗದದಲ್ಲೂ ಆ ಒಂದು ಶಬ್ದ ಇಲ್ಲ. ಫೋನ್ ಅವರ ಕುರ್ಚಿಯ ಪಕ್ಕದಲ್ಲಿದೆ ಎಂದು ನೀನು ಫೋನೂ ಮಾಡುವುದಿಲ್ಲ. ನೀನು ಕೇಳದಿದ್ದರೂ ನಾನು ಬರೆಯುವುದನ್ನು ಬಿಡುವುದಿಲ್ಲ, ಓದುವುದು ಬಿಡುವುದು ನಿನಗೆ ಬಿಟ್ಟದ್ದು. ಎಡಗಣ್ಣು ಆಗಲೇ ಹೋದದ್ದು ಗೊತ್ತಲ್ಲ. ಈಗ ಬಲಗಣ್ಣಿಗೂ ಸುಸ್ತು. ಅಂಗೈಯಗಲದ ಭೂತಗನ್ನಡಿ ತಂದಿದ್ದೇವೆ. ಅದನ್ನು ಹಿಡಿದು ಪುಟಕ್ಕೆ ಮೂಗು ತಾಗಿಸಿ ಓದುತ್ತಾರೆ. ಹತ್ತು ಸಾಲಿಗೆ ಒಂದು ನಿಟ್ಟುಸಿರು. ದಿನಕ್ಕೆ ನಾಲ್ಕು ಪೆನ್ಸಿಲ್ ಹೆರೆದು ಸಾಲಾಗಿ ಜೋಡಿಸುತ್ತಾರೆ, ಒಂದರಲ್ಲೂ ಬರೆಯುವುದಿಲ್ಲ. ಮರುದಿನ ಮೊನೆ ಮುರಿಯದ ಅವೇ ಪೆನ್ಸಿಲ್‌ಗಳನ್ನು ಮತ್ತೆ ಹೆರೆಯುತ್ತಾರೆ. ಕಸ ಗುಡಿಸುವವಳು ನಾನು. ಬೈದರೆ "ಮುಗೀತಾ ಬರ್ತಾ ಇದೆ ಬಿಡು" ಎನ್ನುತ್ತಾರೆ. ಪೆನ್ಸಿಲ್ಲೋ ಇನ್ನೇನೋ ಎಂದು ನಾನು ಕೇಳಲು ಹೋಗುವುದಿಲ್ಲ.

ಒಂದು ವಿಷಯ ನಿನಗೆ ಇದುವರೆಗೆ ಬರೆದಿಲ್ಲ. ನಿನ್ನ ಕಾಗದ ಬಂದರೆ ನಾನು ಓದಿ ಸಕ್ಕರೆ ಡಬ್ಬಿಯ ಕೆಳಗೆ ಇಡುತ್ತೇನೆ. ಎರಡಾಗಿ ಮಡಚಿ ಇಟ್ಟದ್ದು ಸಂಜೆಯ ಹೊತ್ತಿಗೆ ಮೂರಾಗಿ ಮಡಚಿಕೊಂಡಿರುತ್ತದೆ. ಮನೆಯಲ್ಲಿರುವುದು ಇಬ್ಬರೇ, ಬೆಕ್ಕಿಗಂತೂ ಕಾಗದ ಮಡಚಲು ಬರುವುದಿಲ್ಲ. ನಾನೂ ಕೇಳಿಲ್ಲ, ಅವರೂ ಹೇಳಿಲ್ಲ. ಆದರೆ ಹೋದ ಸಲ ನಿನ್ನ ಕಾಗದ ಬಂದ ಮರುದಿನ ಔಷಧಿ ಅಂಗಡಿಗೆ ಹೋದವರು ಯಾರೂ ಹೇಳದೆ ಕೆಮ್ಮಿನ ಔಷಧಿ ತಂದು ಕಪಾಟಿನಲ್ಲಿ ಇಟ್ಟಿದ್ದಾರೆ. ಈ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ. ನಗು ಬಂತು, ಆಮೇಲೆ ಸಿಟ್ಟೂ ಬಂತು. ಅಂಚೆಯಲ್ಲಿ ಕಳಿಸಿದರೆ ಶೀಶೆ ಒಡೆಯುತ್ತದೆ. ಇದನ್ನು ಕುಡಿಯುವವರು ಯಾರು?

ಈ ವಾರದ ದೊಡ್ಡ ಸುದ್ದಿ ಎಂದರೆ ಮಂಗಳವಾರ ಅಪ್ಪ ತಮ್ಮ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟರು. ಕೊಟ್ಟರು ಎಂದರೆ, ಕೊಡಲು ಹೋದರು. ಎರಡು ತಿಂಗಳಿಂದ ಧೂಳು ಒರೆಸಿ ಪೆಟ್ಟಿಗೆ ತುಂಬಿದ್ದೆವು. ಐವತ್ತು ವರ್ಷ ಕೂಡಿಟ್ಟ ಫ್ರೆಂಚ್ ಪುಸ್ತಕಗಳು: ತತ್ತ್ವಜ್ಞಾನಿಗಳದು ಹತ್ತು ಪೆಟ್ಟಿಗೆ, ಕಾದಂಬರಿಗಳದು ಹದಿನಾಲ್ಕು, ಕ್ರಾಂತಿ, ಚುನಾವಣೆ, ಜಗಳ ಎಲ್ಲ ಸೇರಿ ಒಂಬತ್ತು. ಇಬ್ಬರು ಬಂದು, ಪಟ್ಟಿ ನೋಡಿ, ಏಳು ಪೆಟ್ಟಿಗೆ ಎತ್ತಿಕೊಂಡು ಉಳಿದವನ್ನು ಹಾಲಿನಲ್ಲೇ ಬಿಟ್ಟು ಹೋದರು. "ಸರ್, ಇದನ್ನೆಲ್ಲ ಈಗ ಯಾರೂ ಓದಲ್ಲ, ನಮಗೂ ಜಾಗ ಇಲ್ಲ" ಎಂದರು. ಪಾಪ, ಮರ್ಯಾದೆಯಿಂದಲೇ ಹೇಳಿದರು. ಅಪ್ಪ "ಜಾಗ ಇಲ್ಲ ಅಂದ್ರೆ ಇಲ್ಲ, ಅದಕ್ಕೇನು ಮಾಡೋದು" ಎಂದು ಅವರಿಗೆ ನೀರು ಕೊಡಲು ಹೇಳಿದರು. ಈಗ ನಾನು ಅಡುಗೆಮನೆಯಿಂದ ಹಾಲಿಗೆ ಬರಬೇಕಾದರೆ ತತ್ತ್ವಜ್ಞಾನಿಗಳನ್ನು ಸುತ್ತಿಕೊಂಡು ಬರಬೇಕು. ನಿನ್ನೆ ಕಾಲಿನ ಕಿರುಬೆರಳು ತಾಗಿ ಪ್ರಾಣ ಹೋದಂತಾಯಿತು. ಬದುಕಿದ್ದಾಗ ಅವರೆಲ್ಲ ಮನುಷ್ಯನ ದುಃಖಕ್ಕೆ ಕಾರಣ ಹುಡುಕಿದರಂತೆ, ಸತ್ತ ಮೇಲೆ ಹೀಗೆ ಕಾಲಿಗೆ ಸಿಗುತ್ತಾರೆ.

ಇನ್ನು ನನ್ನ ಹೆಬ್ಬೆರಳಿನ ಕಥೆ. ಅಪ್ಪನ ಮೂರು ಪುಸ್ತಕಗಳೂ ಮರುಮುದ್ರಣವಾಗುತ್ತಿವೆ, ಒಂದೇ ಅಳತೆಯಲ್ಲಿ, ಒಂದೇ ಬಣ್ಣದ ರಟ್ಟಿನಲ್ಲಿ. ಯೋಚನೆಯ ಪುಸ್ತಕ, ಕಾದಂಬರಿಯ ಪುಸ್ತಕ, ಅಗಸಗಿತ್ತಿಯರ ಪುಸ್ತಕ. (ಉದ್ದುದ್ದ ಶೀರ್ಷಿಕೆಗಳು ಪ್ರೆಸ್ಸಿನವರಿಗಿರಲಿ, ಮನೆಯಲ್ಲಿ ಇವಕ್ಕೆ ಇವೇ ಹೆಸರು.) ಅಳತೆ ಬದಲಾದರೆ ಪುಟ ಬದಲಾಗುತ್ತದೆ, ಪುಟ ಬದಲಾದರೆ ಪದಸೂಚಿ ಪೂರ್ತಿ ಹೊಸದಾಗಿ ಆಗಬೇಕು. ಪದಸೂಚಿ ಎಂದರೆ ನಾನು. ನಿನಗೆ ನೆನಪಿರಬೇಕು, ಚಪ್ಪಲಿ ಡಬ್ಬಿಗಳಲ್ಲಿ ನಿಲ್ಲಿಸಿಟ್ಟ ಕಾರ್ಡುಗಳು, ಮುಟ್ಟಿದರೆ ನಿನ್ನ ಬೆನ್ನ ಮೇಲೆ ಒಂದು ಬೀಳುತ್ತಿತ್ತು. ಆ ಡಬ್ಬಿಗಳನ್ನೆಲ್ಲ ಮತ್ತೆ ಅಟ್ಟದಿಂದ ಇಳಿಸಿದ್ದೇನೆ. ಸಾವಿರದ ನಾನೂರು ಕಾರ್ಡು. ಒಂದೊಂದರಲ್ಲೂ ಹಳೆಯ ಪುಟಸಂಖ್ಯೆ ಹೊಡೆದು ಹೊಸದು ಬರೆಯಬೇಕು. ಅಪ್ಪ ಮೊದಲ ಪುಸ್ತಕದ ಮುನ್ನುಡಿಯಲ್ಲಿ "ನನ್ನ ಮನೆಯಾಕೆಯ ತಾಳ್ಮೆಗೆ" ಕೃತಜ್ಞತೆ ಹೇಳಿದ್ದರು. ಆಗ ನನಗೆ ಇಪ್ಪತ್ತಾರು ವರ್ಷ, ತಾಳ್ಮೆ ಇತ್ತು. ಈಗ ಖರ್ಚಾಗಿದೆ. "ಓದುವವರೇ ಇಲ್ಲ ಅಂದ ಮೇಲೆ ಹುಡುಕುವವರು ಯಾರು, ಪದಸೂಚಿ ಬೇಡ ಬಿಡು" ಎಂದರು ಅಪ್ಪ. ಮೈ ಉರಿದುಹೋಯಿತು. ಪುಸ್ತಕ ಅವರದು, ಬೇಡ ಅನ್ನಲಿ. ಪದಸೂಚಿ ನನ್ನದು. ಮುಗಿಸಿದೆ. ಮುಗಿಸಿ ಬುಧವಾರ ಪ್ರೆಸ್ಸಿಗೆ ಕಳಿಸಿದೆ.

ನಿನ್ನೆ ಪ್ರೆಸ್ಸಿನಿಂದ ಫೋನ್ ಬಂತು. ಮೊದಲೆರಡು ಪುಸ್ತಕ ತಯಾರು, ಮೂರನೆಯದಕ್ಕೆ ಅಪ್ಪನ ಸಹಿ ಬಂದಿಲ್ಲವಂತೆ. ಅಗಸಗಿತ್ತಿಯರ ಪುಸ್ತಕದ ಮೊದಲಲ್ಲಿ ಒಂದು ಪುಟ ಖಾಲಿ ಬಿಡಿ ಎಂದು ಅಪ್ಪ ನನಗೂ ಹೇಳದೆ ಅವರಿಗೆ ಬರೆದಿದ್ದರಂತೆ. "ಅಲ್ಲಿ ಏನು ಬರುತ್ತೆ ಅಂತ ನಲವತ್ತು ದಿನದಿಂದ ಕೇಳ್ತಾ ಇದ್ದೀವಿ ಅಮ್ಮಾ. ಹೇಳ್ತೀನಿ, ಹೇಳ್ತೀನಿ ಅಂತಾರೆ, ಹೇಳಲ್ಲ" ಎಂದು ಪ್ರೆಸ್ಸಿನ ಮ್ಯಾನೇಜರ್ ನನ್ನ ಹತ್ತಿರ ಗೋಳು ತೋಡಿಕೊಂಡರು. ಮುಂದಿನ ಶುಕ್ರವಾರ ಕೊನೆಯ ಗಡುವು. ಅಷ್ಟರಲ್ಲಿ ಏನೂ ಬರದಿದ್ದರೆ ಆ ಪುಟ ತೆಗೆದು, ಮೊದಲು ಹೇಗಿತ್ತೋ ಹಾಗೆಯೇ ಅಚ್ಚು ಹಾಕುತ್ತಾರಂತೆ. ಫೋನ್ ಇಟ್ಟು ನೋಡಿದರೆ ಅಪ್ಪನ ಮೇಜಿನ ಮೇಲೆ ಆ ಹಾಳೆ ಇತ್ತು. ಮೇಲೆ ಪುಟಸಂಖ್ಯೆ, ಕೆಳಗೆ ಏನೂ ಇಲ್ಲ. ಪಕ್ಕದಲ್ಲಿ ಹೆರೆದ ನಾಲ್ಕು ಪೆನ್ಸಿಲ್. "ಏನಾದ್ರೂ ಬರೀಬಾರ್ದಾ?" ಎಂದೆ. "ಒಂಬತ್ತು ವರ್ಷ ತಡವಾಗಿ ಹಾಕಿದ್ರೆ ಅದು ಅವಳಿಗೆ ಕೊಟ್ಟ ಹಾಗಲ್ಲ, ನನ್ನ ಮರ್ಯಾದೆ ತೊಳ್ಕೊಂಡ ಹಾಗೆ. ಅವಳು ಬೇಕು ಅಂದ್ರೆ ಹಾಕ್ಬೇಕು. ಕೇಳೋಕೆ ನನಗೆ ಬಾಯಿಲ್ಲ" ಎಂದರು. ಒಂಬತ್ತು ವರ್ಷದಲ್ಲಿ ನಿನ್ನ ವಿಷಯವಾಗಿ ಅವರು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಮಾತು ಮುಗಿಸಿ ಸುಸ್ತಾದವರಂತೆ ಕಣ್ಣು ಮುಚ್ಚಿಕೊಂಡರು.

ಕಾರ್ಡು ತಿದ್ದುತ್ತ ಆ ಎರಡು ವರ್ಷಗಳು ನೆನಪಾದವು. ನೀನು ಓದಲೆಂದು ಹೋಗಿ ಫ್ರಾನ್ಸ್‌ನ ಆ ಸಣ್ಣ ಊರಿನ ದಾಖಲೆ ಕೋಣೆಯಲ್ಲಿ ಕೂತು ವಾರಕ್ಕೊಂದು ದಪ್ಪ ಲಕೋಟೆ ಕಳಿಸುತ್ತಿದ್ದೆ. ಕ್ರಾಂತಿಯ ಕಾಲದಲ್ಲಿ ಅಲ್ಲಿ ಗಂಡಸರದೊಂದು ಚರ್ಚಾಕೂಟ ಇತ್ತು, ಅದರ ನಡಾವಳಿ ಪುಸ್ತಕ ನಿನಗೆ ಸಿಕ್ಕಿತ್ತು. ಅದನ್ನು ಬರೆದ ಗುಮಾಸ್ತನ ಅಕ್ಷರವೋ, ಕೋಳಿ ಕೆದರಿದ್ದು. ದೊಡ್ಡ ದೊಡ್ಡ ವಿದ್ವಾಂಸರು ಒಂದು ಪುಟ ತಿರುವಿ ಕೈಬಿಟ್ಟಿದ್ದರಂತೆ. ನೀನು ಗಳಗಳ ಓದಿದೆ. "ಕೋಳಿಕಾಲು ಕೋಳಿಕಾಲಿಗೇ ಅರ್ಥವಾಗಬೇಕು" ಎಂದು ಅಪ್ಪ ಚಿಕ್ಕಂದಿನಲ್ಲಿ ನಿನ್ನ ಅಕ್ಷರ ನೋಡಿ ಇಟ್ಟ ಹೆಸರಿಗೆ ಅವತ್ತು ಬಿರುದಿನ ಮರ್ಯಾದೆ ಕೊಟ್ಟರು. ಕೂಟದವರು ಮಾಳಿಗೆಯ ಮೇಲೆ ಸ್ವಾತಂತ್ರ್ಯ, ಸಮಾನತೆ ಎಂದು ವಾದ ಮಾಡುವಾಗ ಕೆಳಗೆ ಬಟ್ಟೆ ಒಗೆಯುವ ಕಟ್ಟೆ. ಮೇಲಿನ ಮಾತೆಲ್ಲ ಕೆಳಗೆ ಕೇಳುತ್ತಿತ್ತು. ಅಗಸಗಿತ್ತಿಯರು ಸೇರಿ ಒಂದು ಅರ್ಜಿ ಕೊಟ್ಟರು. ಅವರು ಕೇಳಿದ್ದು ದೊಡ್ಡದೇನಲ್ಲ. ಸೋಮವಾರ ನಮಗೆ ಒಗೆತ ಜಾಸ್ತಿ, ಸಭೆಯನ್ನು ಬೇರೆ ದಿನ ಇಡಿ, ನಾವೂ ಮೇಲೆ ಬಂದು ಕೂರುತ್ತೇವೆ. ಅಷ್ಟೇ. ಕೂಟದವರು ಮೂರು ಸಲ ಮುಂದೂಡಿ ಕೊನೆಗೆ ಮರೆತೇಬಿಟ್ಟರು. ಅರ್ಜಿಯ ಕೆಳಗೆ ಮೂವತ್ತೊಂದು ಅಡ್ಡಗೀಟಿನ ಗುರುತು, ಪಕ್ಕದಲ್ಲಿ ಗುಮಾಸ್ತ ಬರೆದ ಮೂವತ್ತೊಂದು ಹೆಸರು.

ಆ ಲಕೋಟೆ ಬಂದ ದಿನ ಅಪ್ಪ ಮನೆಯೊಳಗೆ ಓಡಾಡಿದ್ದು ನೋಡಬೇಕಿತ್ತು ನೀನು. "ವಾದ ಮಾಡಿದವರ ಹೆಸರು ಎಲ್ಲಾ ಪುಸ್ತಕದಲ್ಲೂ ಇದೆ. ಅವರ ಅಂಗಿ ಒಗೆದವರು ಯಾರು ಅಂತ ನನ್ನ ಮಗಳು ಕೇಳಿದ್ದಾಳೆ!" ಎಂದು ನನಗೆ ಮೂರು ಸಲ ಹೇಳಿದರು. ನಾನು ಆಗ ಬಚ್ಚಲಲ್ಲಿ ಅವರ ಅಂಗಿಯನ್ನೇ ಒಗೆಯುತ್ತಿದ್ದೆ. ಹಾಗೆಂದು ಹೇಳಿದೆ. ನಕ್ಕು ಬಕೆಟ್ಟು ಎತ್ತಿಕೊಟ್ಟರು. ಅದಾದ ಮೇಲೆ ಒಂದು ತಿಂಗಳು ತಮ್ಮ ಅಂಗಿ ತಾವೇ ಒಗೆದುಕೊಂಡರು. ಕಾಲರ್ ಕೊಳೆ ಹೋಗುತ್ತಿರಲಿಲ್ಲ, ನಾನು ಕದ್ದು ಮತ್ತೆ ಒಗೆಯುತ್ತಿದ್ದೆ. ನೀವಿಬ್ಬರೂ ಅಂಚೆಯಲ್ಲೇ ಜಗಳವಾಡಿಕೊಂಡು ಐದನೇ ಅಧ್ಯಾಯ ಕಟ್ಟಿದಿರಿ. ನೀನು ಒಂದು ಅಂದರೆ ಅವರು ಎರಡು ಅನ್ನುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ. ಆದರೂ ಈ ಮನೆ ಅಷ್ಟು ಖುಷಿಯಾಗಿದ್ದದ್ದು ನನಗೆ ಬೇರೆ ಯಾವಾಗಲೂ ನೆನಪಿಲ್ಲ.

ಆಮೇಲೆ ನೀನು ವಾಪಸು ಬಂದು ದೂರದ ಊರಿನ ಕಾಲೇಜಿನಲ್ಲಿ ಪಾಠ ಶುರು ಮಾಡಿದೆ. ಪುಸ್ತಕ ಅಚ್ಚಿಗೆ ಹೋಯಿತು. ಸರಿಯಾಗಿ ಆಗಲೇ ಅಪ್ಪನ ಕಣ್ಣಿನ ಪರದೆ ಕಳಚಿತು. ಆಪರೇಷನ್ ಆಗಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಎತ್ತಬಾರದು ಎಂದು ಬೋರಲು ಮಲಗಿಸಿಬಿಟ್ಟರು. ಪ್ರೂಫ್ ನೋಡುವುದು, ಪ್ರೆಸ್ಸಿಗೆ ಓಡುವುದು, ಆಸ್ಪತ್ರೆಗೆ ಓಡುವುದು, ಎಲ್ಲ ನನ್ನ ತಲೆ ಮೇಲೆ. ಪ್ರೆಸ್ಸಿನವರ ಲೆಕ್ಕ ನಿನಗೆ ಗೊತ್ತು, ಹದಿನಾರು ಪುಟಕ್ಕೆ ಒಂದು ಫಾರಂ. ಹದಿಮೂರು ಫಾರಮ್ಮಿಗೆ ಇನ್ನೂರ ಎಂಟು ಪುಟ. ನಮ್ಮದು ಇನ್ನೂರ ಒಂಬತ್ತು ಆಗಿತ್ತು. ಒಂದು ಪುಟಕ್ಕಾಗಿ ಇನ್ನೊಂದು ಫಾರಂ ಹಾಕಿ ಹದಿನೈದು ಪುಟ ಖಾಲಿ ಬಿಡಲಾಗದು, ಏನಾದರೂ ಒಂದು ಪುಟ ಕಡಿಮೆ ಮಾಡಿ ಎಂದರು. ಪದಸೂಚಿಯ ಕೊನೆಯಲ್ಲಿ ನಾನು ಒಂದು ಪ್ರತ್ಯೇಕ ಪುಟ ಮಾಡಿದ್ದೆ, ಅರ್ಜಿಗೆ ಗುರುತು ಹಾಕಿದ ಮೂವತ್ತೊಂದು ಅಗಸಗಿತ್ತಿಯರ ಹೆಸರು, ಸಾಲಿಗೊಂದು. ಅಪ್ಪ ಹೇಳಿ ಮಾಡಿಸಿದ್ದಲ್ಲ, ನನಗೇ ಹೊಳೆದದ್ದು. ಕೈಬರಹದಲ್ಲಿ ನೋಡಿದಾಗ ಅಪ್ಪ "ಇದು ನಿನ್ನ ಪುಟ" ಎಂದಿದ್ದರು. ಇವರನ್ನೆಲ್ಲ ಸೇರಿಸಿ "ಅಗಸಗಿತ್ತಿಯರು" ಎಂದು ಒಂದೇ ಸಾಲು ಹಾಕಿದರೆ ಪುಟ ಉಳಿಯುತ್ತದೆ ಎಂದರು ಪ್ರೆಸ್ಸಿನವರು. ಆಗುವುದಿಲ್ಲ ಎಂದೆ. ಇನ್ನೂರು ವರ್ಷ ಯಾರೂ ಕೂಗದ ಹೆಸರುಗಳು, ಮತ್ತೆ ಗಂಟು ಕಟ್ಟಿ ಮೂಲೆಗೆ ಹಾಕಬೇಕೇ? ಆ ವಾರ ನಡೆದದ್ದನ್ನೆಲ್ಲ ಹೇಳುತ್ತ ಕೂತರೆ ಅಂಚೆಯ ಹೊತ್ತು ಮೀರುತ್ತದೆ. ಅಂತೂ ಇಂತೂ ಇನ್ನೂರ ಎಂಟಕ್ಕೆ ತಂದು ಮುಗಿಸಿದೆವು.

ಮಿಕ್ಕದ್ದು ನಿನಗೇ ಗೊತ್ತು. ನಾವು ಪ್ರತಿ ಕಳಿಸುವ ಮೊದಲೇ ನೀನು ಅಂಗಡಿಯಲ್ಲಿ ಪುಸ್ತಕ ಕಂಡೆ. ನಿಂತಲ್ಲೇ ಮೊದಲ ಪುಟಗಳನ್ನು ತಿರುವಿದೆ, ಕೊನೆಯ ಪುಟಗಳನ್ನು ತಿರುವಿದೆ. ಎಲ್ಲೂ ನೀನಿರಲಿಲ್ಲ. ಅದೇ ವಾರ ಯಾರೋ ಪತ್ರಿಕೆಯಲ್ಲಿ, ಈ ದಾಖಲೆ ಪತ್ತೆ ಮಾಡಿದ ಮೇಷ್ಟ್ರ ಕಣ್ಣು ಎಷ್ಟು ಸೂಕ್ಷ್ಮ ಎಂದು ಹೊಗಳಿ ಬರೆದರು. ಆ ಮೇಷ್ಟ್ರು ಪಟ್ಟಿ ಕಟ್ಟಿಸಿಕೊಂಡು ಬೋರಲು ಮಲಗಿದ್ದರು. ನೀನು ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ಅಪ್ಪನ ಮಂಚದ ಮುಂದೆ ನಿಂತು "ಮೂವತ್ತೊಂದು ಜನರ ಹೆಸರು ಹಾಕಿದ್ದೀರಿ. ಮೂವತ್ತೆರಡನೇದಕ್ಕೆ ಜಾಗ ಇರ್ಲಿಲ್ವಾ ಅಪ್ಪಾ?" ಎಂದೆ. ಅವರು ದಿಂಬಿನೊಳಗಿನಿಂದ "ಯಾವ ಜಾಗ?" ಎಂದರು. ಅಷ್ಟೇ ಅಂದದ್ದು. ನೀನು ತಿರುಗಿ ಹೊರಟುಬಿಟ್ಟೆ. ನಾನು ಬಾಗಿಲಲ್ಲಿ ಒದ್ದೆ ಟವಲ್ ಹಿಡಿದು ನಿಂತಿದ್ದೆ. ನೀನು ನನ್ನನ್ನು ದಾಟಿಕೊಂಡು ಹೋದೆ, ನಾನು ನಿಲ್ಲಿಸಲಿಲ್ಲ. ಆ ವರ್ಷವೇ ನೀನು ಕಾಲೇಜು ಬಿಟ್ಟೆ, ಪುಸ್ತಕಗಳನ್ನು ಮಾರಿದೆ, ಆಸ್ಪತ್ರೆಯಲ್ಲಿ ದುಭಾಷಿಯಾದೆ. ಅಪ್ಪ ಮತ್ತೆ ಪುಸ್ತಕ ಬರೆಯಲಿಲ್ಲ. ನಾಲ್ಕನೆಯದಕ್ಕೆಂದು ತರಿಸಿದ ಕಾಗದದ ರೀಮು ಹಾಗೆಯೇ ಇದೆ. ಈಗ ನಿನಗೆ ಬರೆಯುತ್ತಿರುವುದು ಅದರ ಹಾಳೆಯಲ್ಲೇ, ಅಂಚು ಹಳದಿಯಾಗಿದೆ ನೋಡು.

ನಾನು ದಣಿದಿದ್ದೇನೆ ಮಗಳೇ. ಕೆಲಸದಿಂದಲ್ಲ, ಕೆಲಸ ಮಾಡಿ ಯಾರೂ ಸತ್ತಿಲ್ಲ. ಈ ಮನೆಯಲ್ಲಿ ಮಾತಿಗೆ ಮೊದಲು ಪ್ರತಿ ಸಲವೂ ಒಂದು ಮಾತನ್ನು ನುಂಗಬೇಕು, ಅದರಿಂದ ದಣಿದಿದ್ದೇನೆ. ಇತ್ತ ಅಪ್ಪನ ಕಡೆ ಬಾಯಿ ಬಿಡುವಂತಿಲ್ಲ, ಅತ್ತ ನಿನ್ನ ಕಡೆ ಬಿಡುವಂತಿಲ್ಲ. ಇಬ್ಬರೂ ಹಟಮಾರಿಗಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದು ಪೂರ್ತಿ ನಿಜವಲ್ಲ. ಹಟ ಮಾಡುವುದಕ್ಕೂ ಒಂದು ಶಕ್ತಿ ಬೇಕು, ಅಪ್ಪನಲ್ಲಿ ಈಗ ಅದೂ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕೆಲವು ಸಲ ಮೂರನೇ ಕುರ್ಚಿಯನ್ನು ಸುಮ್ಮನೆ ಸ್ವಲ್ಪ ಒಳಗೆ ತಳ್ಳುತ್ತಾರೆ, ಯಾರೋ ಎದ್ದುಹೋದ ಹಾಗೆ.

ಇಷ್ಟೇ ಇವತ್ತಿಗೆ. ಬೆಕ್ಕು ಚೆನ್ನಾಗಿದೆ, ಖಾಲಿ ಪೆಟ್ಟಿಗೆಯಲ್ಲಿ ಮಲಗುತ್ತದೆ, ನಮಗಿಂತ ಸುಖಿ. ಅಪ್ಪ ಕ್ಷೌರಕ್ಕೆ ಹೋಗಿದ್ದಾರೆ, ನಾಲ್ಕು ಗಂಟೆಗೆ ಬರಬಹುದು. ಮೂಲೆಯ ಅಂಚೆ ಡಬ್ಬಿಯನ್ನು ಮೂರೂವರೆಗೆ ತೆರೆಯುತ್ತಾರೆ. ಕೆಮ್ಮಿಗೆ ಔಷಧಿ ಕುಡಿ, ಹೊತ್ತಿಗೆ ಸರಿಯಾಗಿ ತಿನ್ನು, ಅಳಿಯನಿಗೆ ನಾನು ಕೇಳಿದೆ ಎಂದು ಹೇಳು. ನೀವಿಬ್ಬರೂ ತಣ್ಣಗಿರಿ. ನನ್ನ ಆಯಸ್ಸು ಎಷ್ಟು ಮಿಕ್ಕಿದೆಯೋ ಅದರ ಒಳ್ಳೆಯ ದಿನಗಳೆಲ್ಲ ನಿಮಗಿರಲಿ, ಮಂಡಿನೋವಿನ ದಿನಗಳು ನನಗಿರಲಿ.

ನಿನ್ನ
ಅಮ್ಮ

ತಾ.ಕ. ಲಕೋಟೆ ಅಂಟಿಸಿ ಬಾಗಿಲವರೆಗೆ ಹೋಗಿ ವಾಪಸು ಬಂದು ಹರಿದಿದ್ದೇನೆ. ಹೊತ್ತಿಲ್ಲ, ಆದ್ದರಿಂದ ಅಡ್ಡಾದಿಡ್ಡಿ ಬರೆಯುತ್ತೇನೆ. ನಿನ್ನ ಹೆಸರಿದ್ದ ಪುಟ ತೆಗೆಸಿದ್ದು ನಾನು. ಅಪ್ಪನಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನವೇ ಅವರು ಕೃತಜ್ಞತೆಯ ಪುಟ ಬರೆದು ಕೊಟ್ಟಿದ್ದರು, ಪ್ರೂಫೂ ಬಂದಿತ್ತು. ಅಗಸಗಿತ್ತಿಯರ ಪಟ್ಟಿ ಬಿಡುವುದೋ ಆ ಪುಟ ಬಿಡುವುದೋ ಎಂದಾಗ, ಮನೆಯವರಿಗೆ ಮನೆಯವರು ಎಂಥ ಕೃತಜ್ಞತೆ ಹೇಳುವುದು, ನಮ್ಮ ಹುಡುಗಿ, ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಅದು ನೆಪ. ಮೂರು ಪುಸ್ತಕಗಳಲ್ಲಿ ನನ್ನದು ಎಂದು ಇದ್ದದ್ದು ಆ ಒಂದೇ ಪುಟ, ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಶೀರ್ಷಿಕೆಯ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲು ಹಾಕಬಹುದಿತ್ತು ಎಂದು ಅಚ್ಚಾದ ಮೇಲೆ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನು ಬಂದು ಕೇಳಿದಾಗ ಅಪ್ಪ "ಯಾವ ಜಾಗ" ಎಂದದ್ದು ಅವರಿಗೆ ನಿಜವಾಗಿಯೂ ಗೊತ್ತಿಲ್ಲದ್ದರಿಂದ. ಪುಸ್ತಕವನ್ನೇ ಅವರು ನೋಡಿರಲಿಲ್ಲ. ಗೊತ್ತಿದ್ದವಳು ಬಾಗಿಲಲ್ಲಿ ನಿಂತಿದ್ದೆ, ಹೆದರಿ ಬಾಯಿ ಬಿಡಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿ ಪುಸ್ತಕ ಓದಿದ ದಿನ ಅಪ್ಪ ಕೇಳಿದರು, ಹೇಳಿದೆ. ಈಗಲೇ ಅವಳಿಗೆ ಬರೆಯುತ್ತೇನೆ ಎಂದು ಎದ್ದೆ. ಕೈ ಹಿಡಿದು ಕೂರಿಸಿದರು. "ನನ್ನ ಜೊತೆ ಮಾತು ಬಿಟ್ಟಾಯ್ತು. ನಿನ್ನ ಜೊತೇನೂ ಬಿಟ್ರೆ ಈ ಮನೆಗೆ ಅವಳ ಕಾಗದ ಬರೋದೇ ನಿಂತುಹೋಗುತ್ತೆ. ಸುಮ್ನಿರು" ಎಂದರು. ಒಂಬತ್ತು ವರ್ಷ ಸುಮ್ಮನಿದ್ದೆ.

ಅವರು ಬರೆದಿದ್ದ ಹಾಳೆ ಇದರ ಜೊತೆ ಇಟ್ಟಿದ್ದೇನೆ. ಇಷ್ಟು ದಿನ ಮೂವತ್ತೊಂದನೇ ಅಗಸಗಿತ್ತಿಯ ಕಾರ್ಡಿನ ಹಿಂದೆ ಇತ್ತು. ಅವರದೇ ಅಕ್ಷರ, ನೋಡು: "ಐದನೇ ಅಧ್ಯಾಯ ನನ್ನದಲ್ಲ. ಹುಡುಕಿದವಳು, ಓದಿದವಳು, ಅರ್ಥ ಮಾಡಿಕೊಂಡವಳು ನನ್ನ ಮಗಳು. ನನ್ನ ಅಕ್ಷರ ದುಂಡಗಿರುವುದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಅಷ್ಟೇ." ಕೆಳಗೆ ನಿನ್ನ ಪೂರ್ತಿ ಹೆಸರು.

ನನ್ನನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಇನ್ನು ಮುಂದೆ ನನಗೆ ಬರೆಯಬೇಕೆಂದೂ ಇಲ್ಲ. ಆದರೆ ಶುಕ್ರವಾರದೊಳಗೆ ತಲುಪುವ ಹಾಗೆ ಒಂದು ಕಾಗದ ಹಾಕು, ಆ ಪುಟ ಬೇಕು ಅನ್ನು, ಬೇಡ ಅನ್ನು, ಲಕೋಟೆಯ ಮೇಲೆ ಮಾತ್ರ ಅಪ್ಪನ ಹೆಸರು ಬರೆ. ನಾನು ಒಡೆಯುವುದಿಲ್ಲ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಭೂತಗನ್ನಡಿ ಒರೆಸಿ ಇಟ್ಟಿರುತ್ತೇನೆ.